ಉಪಗ್ರಹದ ಕ್ಲೋರೊಫಿಲ್ ನಕ್ಷೆಗೂ ನಮ್ಮ ಬಾಟಲಿಯ ಲೆಕ್ಕಕ್ಕೂ ತಾಳೆಯೇ ಆಗುತ್ತಿಲ್ಲ, ಎಲ್ಲಿ ತಪ್ಪುತ್ತಿದ್ದೇವೆ?

ದೋಣಿಗಾರ (ಚರ್ಚೆ ಆರಂಭಿಸಿದವರು)

ಎಲ್ಲರಿಗೂ ನಮಸ್ಕಾರ. ಪ್ರಶ್ನೆ ಸ್ವಲ್ಪ ಉದ್ದವಿದೆ, ದಯವಿಟ್ಟು ಪೂರ್ತಿ ಓದಿ.

ಒಂದು ದೊಡ್ಡ ಸರೋವರದ ನೀರನ್ನು ಹದಿನೈದು ದಿನಕ್ಕೊಮ್ಮೆ ಪರೀಕ್ಷಿಸುವ ಸಣ್ಣ ತಂಡ ನಮ್ಮದು. ಮೂರು ವರ್ಷದಿಂದ ಅದೇ ಐದು ಜಾಗಗಳಿಗೆ ದೋಣಿಯಲ್ಲಿ ಹೋಗುತ್ತೇವೆ, ನೀರಿನ ತಿಳಿತನ ಅಳೆಯುವ ಸೆಕ್ಕಿ ತಟ್ಟೆ ಇಳಿಸುತ್ತೇವೆ, ಅರ್ಧ ಮೀಟರ್ ಆಳದಿಂದ ಬಾಟಲಿ ತುಂಬಿಸಿ ಪ್ರಯೋಗಾಲಯಕ್ಕೆ ಕೊಡುತ್ತೇವೆ. ಈ ವರ್ಷ ಯುರೋಪಿನ ಸೆಂಟಿನೆಲ್-2 ಉಪಗ್ರಹದ ಚಿತ್ರಗಳನ್ನೂ ಬಳಸಿ ನೋಡೋಣ ಅಂತ ಶುರು ಮಾಡಿದೆವು. ಪೋರ್ಟಲ್‌ನಲ್ಲಿ ಸಿಗುವ ಲೆವೆಲ್-2ಎ (ವಾತಾವರಣದ ಪರಿಣಾಮ ತಿದ್ದಿದ) ಚಿತ್ರ ಇಳಿಸಿಕೊಂಡು, 705 ಮತ್ತು 665 ನ್ಯಾನೊಮೀಟರ್ ತರಂಗಾಂತರದ ಬೆಳಕಿನ ಪಟ್ಟಿಗಳಿಂದ ಪಾಚಿ ತೋರಿಸುವ ಸೂಚ್ಯಂಕವಾದ ಎನ್‌ಡಿಸಿಐ ಲೆಕ್ಕ ಹಾಕಿ, ಒಂದು ಪ್ರಬಂಧದಲ್ಲಿದ್ದ ಸೂತ್ರ ಹಿಡಿದು ಪಾಚಿಯ ಹಸಿರು ವರ್ಣದ್ರವ್ಯವಾದ ಕ್ಲೋರೊಫಿಲ್ ಪ್ರಮಾಣಕ್ಕೆ ಬದಲಾಯಿಸಿದೆವು.

ನಕ್ಷೆ ನೋಡಲು ಚೆಂದ ಬಂತು. ಬಾಟಲಿಯ ಪಕ್ಕ ಇಟ್ಟಾಗ ತಲೆ ಕೆಟ್ಟಿತು. ಪಡುವಣ ಮೂಲೆಯಲ್ಲಿ ನಕ್ಷೆ ಲೀಟರಿಗೆ 150 ಮೈಕ್ರೊಗ್ರಾಂಗಿಂತ ಹೆಚ್ಚು ಅನ್ನುತ್ತದೆ, ಬಾಟಲಿಯಲ್ಲಿ ಸಿಕ್ಕಿದ್ದು 46. ನಟ್ಟನಡುವೆ ನಕ್ಷೆಯ ಪ್ರಕಾರ 18, ಬಾಟಲಿಯಲ್ಲಿ 31. ಬಡಗಣ ದಡದ ಉದ್ದಕ್ಕೂ ಕಡುಗೆಂಪು ಪಟ್ಟಿ ಬಂದಿದೆ. ಅಲ್ಲಿ ನೀರು ಎಷ್ಟು ತಿಳಿಯೆಂದರೆ ದೋಣಿಯಿಂದ ಬಗ್ಗಿ ನೋಡಿದರೆ ತಳದ ಗಿಡಗಳ ಎಲೆ ಎಣಿಸಬಹುದು!

ಈಗ ತಂಡದಲ್ಲಿ ಎರಡು ಪಕ್ಷ. ಉಪಗ್ರಹದ ಕೆಲಸ ಬಿಟ್ಟುಬಿಡೋಣ ಅನ್ನುವವರು ಕೆಲವರು. ದೋಣಿಯನ್ನೇ ನಿಲ್ಲಿಸಿ ಖರ್ಚು ಉಳಿಸೋಣ, ನಕ್ಷೆ ಸಾಕು ಅನ್ನುವವರು ಕೆಲವರು. ಎರಡಕ್ಕೂ ನನಗೆ ಮನಸ್ಸು ಒಪ್ಪುತ್ತಿಲ್ಲ. ಚಿತ್ರ ಬಂದ ಎರಡು ದಿನದ ನಂತರ ನಾವು ನೀರು ತೆಗೆದದ್ದು, ಅದನ್ನೂ ಹೇಳಿಬಿಡುತ್ತೇನೆ. ತಿಳಿದವರು ದಾರಿ ತೋರಿಸಿ.

---

ಕಲಿಯುವವ_21

ಸರ್, ನನ್ನದೂ ಇದೇ ಕಥೆ. ಪ್ರಾಜೆಕ್ಟಿಗೆ ಮಾಡ್ತಿದ್ದೀನಿ, ದಡದಲ್ಲೆಲ್ಲ ಕೆಂಪು ಬರುತ್ತೆ. ಉತ್ತರಕ್ಕೆ ಕಾಯ್ತಿದ್ದೀನಿ.

---

ಬೆಳಕಿನ_ಲೆಕ್ಕ

ನಿಮ್ಮ ಮೂರು ವ್ಯತ್ಯಾಸಗಳಿಗೆ ಮೂರು ಬೇರೆ ಬೇರೆ ಕಾರಣ ಇರುವ ಹಾಗಿದೆ. ಒಂದೇ ಮದ್ದು ಹುಡುಕಲು ಹೋಗಬೇಡಿ.

ಮೊದಲಿಗೆ ವಾತಾವರಣ. ನೀರು ಕಪ್ಪು ವಸ್ತು. ಅದರ ಮೇಲೆ ಬಿದ್ದ ಬೆಳಕಿನಲ್ಲಿ ಒಳಹೊಕ್ಕು ಮರಳಿ ಹೊರಬರುವುದು ನೂರಕ್ಕೆ ಕೆಲವೇ ಪಾಲು. ಉಪಗ್ರಹದ ಕಣ್ಣಿಗೆ ಬೀಳುವ ಒಟ್ಟು ಬೆಳಕಿನಲ್ಲಿ ಶೇ. 80ರಿಂದ 90ರಷ್ಟು ಗಾಳಿಯ ಅಣುಗಳಿಂದ, ಧೂಳಿನಿಂದ, ತೇವದಿಂದ ಚದುರಿ ಬಂದದ್ದು. ಅದನ್ನೆಲ್ಲ ಕಳೆದು ಉಳಿದ ಚೂರಿನಲ್ಲಿ ನಾವು ಪಾಚಿ ಹುಡುಕಬೇಕು. ಕಳೆಯುವಾಗ ಸಣ್ಣ ತಪ್ಪಾದರೂ ಉಳಿದದ್ದರಲ್ಲಿ ಅದು ದೊಡ್ಡದಾಗುತ್ತದೆ.

ಪೋರ್ಟಲ್‌ನ ಲೆವೆಲ್-2ಎ ಚಿತ್ರದಲ್ಲಿ ಆಗಿರುವ ತಿದ್ದುಪಡಿ ನೆಲವನ್ನು ಮನಸ್ಸಿನಲ್ಲಿಟ್ಟುಕೊಂಡು ಮಾಡಿದ್ದು. ಬೆಳೆ, ಕಾಡು, ಊರು ನೋಡಲು ಸೊಗಸು. ನೀರಿನ ಮೇಲೆ ಅದು ಸ್ವಲ್ಪ ಮಬ್ಬನ್ನೂ ಸ್ವಲ್ಪ ಸೂರ್ಯನ ಮಿನುಗನ್ನೂ ಬಿಟ್ಟುಬಿಡುತ್ತದೆ. ಆ ಮಬ್ಬು 705ಕ್ಕೂ 665ಕ್ಕೂ ಹೆಚ್ಚುಕಡಿಮೆ ಸಮನಾಗಿ ಸೇರುತ್ತದೆ. ಎನ್‌ಡಿಸಿಐ ಅಂದರೆ ಎರಡರ ವ್ಯತ್ಯಾಸವನ್ನು ಎರಡರ ಮೊತ್ತದಿಂದ ಭಾಗಿಸಿದ್ದು. ವ್ಯತ್ಯಾಸ ಹಾಗೇ ಉಳಿದು ಮೊತ್ತ ಮಾತ್ರ ಉಬ್ಬಿದರೆ ಉತ್ತರ ಸೊನ್ನೆಯ ಕಡೆಗೆ ಜಾರುತ್ತದೆ. ನಟ್ಟನಡುವಿನ 31 ನಿಮ್ಮ ನಕ್ಷೆಯಲ್ಲಿ 18 ಆಗಿರುವುದಕ್ಕೆ ಇದೇ ಕಾರಣ ಇರಬೇಕು. ತಿದ್ದುಪಡಿ ಆಗದ ಲೆವೆಲ್-1 ಚಿತ್ರದಿಂದಲೇ ಶುರು ಮಾಡಿ, ನೀರಿಗೆಂದೇ ಬರೆದ ತಿದ್ದುಪಡಿ ಹಾಕಿ ನೋಡಿ. ಯುರೋಪಿಯನ್ ಬಾಹ್ಯಾಕಾಶ ಸಂಸ್ಥೆಯ ಸ್ನ್ಯಾಪ್ ತಂತ್ರಾಂಶದೊಳಗೆ ಸಿ2ಆರ್‌ಸಿಸಿ ಇದೆ. ಬೆಲ್ಜಿಯಂನವರ ಅಕೊಲೈಟ್ ಇದೆ. ಎರಡೂ ಉಚಿತ. ಎರಡನ್ನೂ ಹಾಕಿ ಪಕ್ಕಪಕ್ಕ ಇಟ್ಟು ನೋಡುವುದು ಒಳ್ಳೆಯ ಅಭ್ಯಾಸ.

ಬಡಗಣ ದಡದ ಬಗ್ಗೆ ಎರಡು ಪ್ರಶ್ನೆ. ಆ ಕೆಂಪು ಪಟ್ಟಿ ಎಷ್ಟು ಪಿಕ್ಸೆಲ್ ಅಗಲ ಇದೆ? ದಡದ ಮೇಲೆ ಹಸಿರು ದಟ್ಟವಾಗಿದೆಯೇ?

---

ಪಾಚಿಪಟ್ಟಿ

ನಾನು ಪ್ರಯೋಗಾಲಯದ ಕಡೆಯವಳು, ಬೆಳಕಿನ ವಿಷಯ ಮೇಲಿನವರಿಗೇ ಬಿಡುತ್ತೇನೆ. ಪಡುವಣ ಮೂಲೆಯ ಬಗ್ಗೆ ಮಾತ್ರ ಹೇಳಲೇಬೇಕು.

ಎರಡು ದಿನ ಅಂದರೆ ಪಾಚಿಗೆ ಬಹಳ ದೊಡ್ಡ ಅವಧಿ. ಅದರಲ್ಲೂ ಮೈಕ್ರೊಸಿಸ್ಟಿಸ್‌ನಂಥ ನೀಲಿ-ಹಸಿರು ಪಾಚಿಯ ಜೀವಕೋಶದೊಳಗೆ ಗಾಳಿ ತುಂಬಿದ ಪುಟ್ಟ ಪುಟ್ಟ ಚೀಲಗಳಿರುತ್ತವೆ. ಗಾಳಿ ಬಿದ್ದುಹೋದ ಬೆಳಿಗ್ಗೆ ಆ ಪಾಚಿಯೆಲ್ಲ ಮೇಲೆದ್ದು ಒಂದೆರಡು ಸೆಂಟಿಮೀಟರ್ ದಪ್ಪದ ಕೆನೆಯ ಹಾಗೆ ನಿಲ್ಲುತ್ತದೆ. ಸಂಜೆ ಜೋರು ಗಾಳಿ ಬೀಸಿದರೆ ಅದೇ ಪಾಚಿ ಮೀಟರುಗಟ್ಟಲೆ ಆಳಕ್ಕೆ ಕಲಸಿಹೋಗುತ್ತದೆ. ಸರೋವರದಲ್ಲಿರುವ ಒಟ್ಟು ಪಾಚಿ ಒಂದು ಗುಲಗಂಜಿಯಷ್ಟೂ ಬದಲಾಗಿಲ್ಲ, ಉಪಗ್ರಹಕ್ಕೆ ಮಾತ್ರ ಮೊದಲ ದಿನ ಕಡುಹಸಿರು, ಮರುದಿನ ಮಾಮೂಲು ನೀರು.

ನಿಮ್ಮ ಬಾಟಲಿ ಅರ್ಧ ಮೀಟರ್ ಕೆಳಗಿನದು. ಕೆನೆ ಇದ್ದ ದಿನವೇ ಹೋಗಿದ್ದರೂ ನೀವು ಕೆನೆಯ ಅಡಿಯಿಂದ ನೀರು ತೆಗೆದಂತಾಗುತ್ತಿತ್ತು.

ಒಂದು ಸುಲಭ ಪರೀಕ್ಷೆ ಹೇಳುತ್ತೇನೆ, ಉಪಕರಣ ಏನೂ ಬೇಡ. ಪಡುವಣ ಮೂಲೆಯ ನೀರನ್ನು ಪಾರದರ್ಶಕ ಗಾಜಿನ ಭರಣಿಯಲ್ಲಿ ಮುಕ್ಕಾಲು ತುಂಬಿಸಿ, ಮುಚ್ಚಳ ಹಾಕಿ, ತಂಪಾದ ಕತ್ತಲೆ ಜಾಗದಲ್ಲಿ ಅಲುಗಿಸದೆ ರಾತ್ರಿಯಿಡೀ ಬಿಡಿ. ಬೆಳಿಗ್ಗೆ ಹಸಿರು ಮೇಲೆ ಉಂಗುರ ಕಟ್ಟಿದ್ದರೆ ತೇಲುವ ನೀಲಿ-ಹಸಿರು ಪಾಚಿ ಇರುವ ಸಂಭವ ಹೆಚ್ಚು. ತಳಕ್ಕೆ ಕೂತಿದ್ದರೆ ಹೆಚ್ಚಾಗಿ ಬೇರೆ ಪಾಚಿ, ಇಲ್ಲವೇ ಹೂಳು. ಕೈಗವಸು ಹಾಕಿಕೊಳ್ಳುವುದನ್ನು ಮರೆಯಬೇಡಿ, ಮೂಸಿ ನೋಡಬೇಡಿ.

ಚೀನಾದ ತೈಹು ಸರೋವರ 2,300 ಚದರ ಕಿ.ಮೀ.ಗೂ ದೊಡ್ಡದು, ಸರಾಸರಿ ಆಳ ಮಾತ್ರ ಸುಮಾರು 2 ಮೀಟರ್. ಅಲ್ಲಿ ಗಾಳಿಯೊಂದೇ ಸಾಕು, ತಳದ ಹೂಳು ಮೇಲೆ, ಮೇಲಿನ ಪಾಚಿ ಕೆಳಗೆ. ಅಂಥ ಕಡೆ ಒಂದು ದಿನದ ಚಿತ್ರ ನೋಡಿ ಪಾಚಿ ಹೆಚ್ಚಾಯಿತು, ಕಡಿಮೆಯಾಯಿತು ಅಂದುಬಿಡುವುದು ತೀರಾ ಅಪಾಯ.

---

ದೋಣಿಗಾರ

ಇಬ್ಬರಿಗೂ ತುಂಬಾ ಧನ್ಯವಾದ. ಈಗಷ್ಟೇ ದಿನಚರಿ ತೆಗೆದು ನೋಡಿದೆ. ಚಿತ್ರ ಬಂದ ದಿನದ ಪುಟದಲ್ಲಿ ನಮ್ಮ ಗೆಳೆಯನ ಕೈಬರಹದಲ್ಲೇ "ಎಲೆ ಅಲುಗಲಿಲ್ಲ" ಅಂತಿದೆ. ನಾವು ನೀರು ತೆಗೆದ ದಿನ ಅಲೆ ಎಷ್ಟಿತ್ತೆಂದರೆ ತಟ್ಟೆಯ ಹಗ್ಗ ನೆಟ್ಟಗೆ ನಿಲ್ಲದೆ ಎರಡು ಸಲ ಅಳತೆ ಮಾಡಬೇಕಾಯಿತು. ಮೇಡಂ ಹೇಳಿದ್ದು ಅಕ್ಷರಶಃ ನಿಜ.

ಬಡಗಣ ಪಟ್ಟಿ 20 ಮೀಟರ್ ಪಿಕ್ಸೆಲ್‌ನಲ್ಲಿ ನಾಲ್ಕೈದು ಪಿಕ್ಸೆಲ್ ಅಗಲ ಇದೆ. ದಡದ ಮೇಲೆ ದಟ್ಟ ಮರಗಳಿವೆ.

---

ಬೆಳಕಿನ_ಲೆಕ್ಕ

ಹಾಗಾದರೆ ಬಡಗಣದ್ದು ಜೋಡಿ ತೊಂದರೆ. ದಡದ ಮರಗಳು 665ರಲ್ಲಿ ಬೆಳಕು ನುಂಗುತ್ತವೆ, 705ರಿಂದಾಚೆ ಜೋರಾಗಿ ಹೊಳೆಯುತ್ತವೆ. ಆ ಹೊಳಪಿನ ಒಂದಂಶ ಗಾಳಿಯಲ್ಲಿ ಚದುರಿ ಪಕ್ಕದ ಕಪ್ಪು ನೀರಿನ ಪಿಕ್ಸೆಲ್‌ಗೆ ಬಂದು ಬೀಳುತ್ತದೆ. ನೆರೆಯ ಬೆಳಕಿನ ಪರಿಣಾಮ ಅಂತ ಕರೆಯುತ್ತೇವೆ. ಜತೆಗೆ ತಿಳಿನೀರಿನಲ್ಲಿ ತಳದ ಗಿಡಗಳೂ ಅದೇ ಬಣ್ಣವನ್ನು ಮೇಲಕ್ಕೆ ಕಳಿಸುತ್ತಿವೆ. ಎರಡೂ ಸೇರಿ ಸೂಚ್ಯಂಕ ಏರಿತು. ಅಲ್ಲಿ ಹಸಿರು ಇದ್ದದ್ದು ನಿಜ, ನೀರಿನೊಳಗೆ ತೇಲುವ ಹಸಿರಲ್ಲ ಅಷ್ಟೆ.

ದಡದಿಂದ ಐದಾರು ಪಿಕ್ಸೆಲ್ ಒಳಗಿನವರೆಗೆ ಮುಖವಾಡ ಹಾಕಿ, ಅಂದರೆ ಅಷ್ಟನ್ನು ಲೆಕ್ಕದಿಂದ ಹೊರಗಿಡಿ. ತಳ ಕಾಣುವಷ್ಟು ತಿಳಿಯಾದ ಜಾಗವನ್ನೂ ಗುರುತಿಸಿ ಬಿಟ್ಟುಬಿಡಿ. ಅಲ್ಲಿಗೆ ಬಾಟಲಿಯೇ ಸರಿ.

ಸೂತ್ರದ ಮಾತು. ಕಡಲಿಗೆ ಮಾಡಿದ ಹಳೆಯ ಸೂತ್ರಗಳು ನೀಲಿ ಮತ್ತು ಹಸಿರಿನ ಅನುಪಾತ ನೋಡುತ್ತವೆ. ತೆರೆದ ಸಾಗರದಲ್ಲಿ ಬಣ್ಣ ಬದಲಿಸುವುದು ಬಹುಪಾಲು ಪಾಚಿಯೇ, ಹಾಗಾಗಿ ನಡೆಯುತ್ತದೆ. ಸರೋವರದಲ್ಲಿ ಹೂಳೂ ಉಂಟು, ಕೊಳೆತ ಎಲೆಗಳಿಂದ ಕರಗಿ ಬಂದ ಹಳದಿ-ಕಂದು ಬಣ್ಣವೂ ಉಂಟು. ಆ ಕಂದು ಬಣ್ಣ ನೀಲಿಯನ್ನು ಪಾಚಿಯ ಹಾಗೇ ನುಂಗುತ್ತದೆ, ಸೂತ್ರ ಮೋಸಹೋಗುತ್ತದೆ. ಅದಕ್ಕೇ ಒಳನಾಡಿನ ನೀರಿಗೆ ಕೆಂಪಿನ ಕೊನೆಯತ್ತ ಸರಿದದ್ದು. ಕ್ಲೋರೊಫಿಲ್-ಎ 675ರ ಆಸುಪಾಸಿನಲ್ಲಿ ಬೆಳಕು ಹೀರುತ್ತದೆ, 705ರ ಸುತ್ತ ಪಾಚಿ ಹೆಚ್ಚಿದಂತೆ ಒಂದು ಗುಡ್ಡ ಏಳುತ್ತದೆ. ಆ ಕುಳಿ ಮತ್ತು ಗುಡ್ಡದ ನಡುವಿನ ಎತ್ತರವೇ ನಮ್ಮ ಸುಳಿವು. ಎನ್‌ಡಿಸಿಐ 2012ರಲ್ಲಿ ಬಂತು. ಅದರ ಗುಣಾಂಕಗಳು ಆ ಲೇಖಕರು ಬಳಸಿದ ನೀರಿನವು. ನಿಮ್ಮ ಸರೋವರಕ್ಕೆ ನಿಮ್ಮ ಬಾಟಲಿಗಳಿಂದಲೇ ಹೊಸದಾಗಿ ಹೊಂದಿಸಬೇಕು. ಮೂರು ವರ್ಷದ ಬಾಟಲಿ ಲೆಕ್ಕ ಕೈಯಲ್ಲಿದೆ ಅಂದಿರಲ್ಲ, ಅದು ಬಹಳ ಜನರಿಗೆ ಇಲ್ಲದ ಸಂಪತ್ತು.

---

ಶುದ್ಧೀಕರಣ_ಘಟಕ

ನಾನು ಕುಡಿಯುವ ನೀರು ಶುದ್ಧಮಾಡುವ ಘಟಕದಲ್ಲಿ ಪಾಳಿ ಕೆಲಸ ಮಾಡುವವನು. ಇಲ್ಲಿನ ಮಾತು ಓದಿ ಒಂದು ವಿಷಯ ಹೇಳಬೇಕೆನಿಸಿತು.

46ಓ 150ಓ ಎಂಬುದು ನನಗೆ ಎರಡನೆಯ ಪ್ರಶ್ನೆ. ನನಗೆ ಮೊದಲು ತಿಳಿಯಬೇಕಾದದ್ದು ಆ ಹಸಿರು ಸರೋವರದಿಂದ ನೀರೆಳೆಯುವ ನಮ್ಮ ಕೊಳವೆಯ ಕಡೆ ಬರುತ್ತಿದೆಯೋ ಆಚೆ ಸರಿಯುತ್ತಿದೆಯೋ ಅನ್ನುವುದು.

2014ರ ಆಗಸ್ಟ್ 2ರಂದು ಅಮೆರಿಕದ ಟೊಲೆಡೊದಲ್ಲಿ ಏನಾಯಿತೆಂದು ನಮ್ಮ ಕ್ಷೇತ್ರದವರೆಲ್ಲರಿಗೂ ನೆನಪಿದೆ. ಈರಿ ಸರೋವರದ ಪಡುವಣ ಭಾಗದ ಪಾಚಿ ಕೊಳವೆಯ ಬಾಯಿಗೇ ಬಂತು, ಶುದ್ಧೀಕರಿಸಿದ ನೀರಿನಲ್ಲೂ ಆ ಪಾಚಿಯ ವಿಷ ಮೈಕ್ರೊಸಿಸ್ಟಿನ್ ಸಿಕ್ಕಿತು, 4 ಲಕ್ಷಕ್ಕೂ ಹೆಚ್ಚು ಜನರಿಗೆ ನಲ್ಲಿ ನೀರು ಕುಡಿಯಬೇಡಿ ಎಂದು ಹೇಳಬೇಕಾಯಿತು. 4ನೇ ತಾರೀಖಿನವರೆಗೆ ಹಾಗೇ ಇತ್ತು. ಕುದಿಸಿ ಕುಡಿಯಿರಿ ಅನ್ನುವ ಹಾಗೂ ಇರಲಿಲ್ಲ. ಈ ವಿಷ ಕುದಿಸಿದರೆ ಹೋಗುವುದಿಲ್ಲ, ನೀರು ಆವಿಯಾದಷ್ಟೂ ಸಾಂದ್ರವಾಗುತ್ತದೆ. ಕುಡಿಯುವ ನೀರಿಗೆ ವಿಶ್ವ ಆರೋಗ್ಯ ಸಂಸ್ಥೆಯ ಮಾರ್ಗಸೂಚಿ ಮಿತಿ ಲೀಟರಿಗೆ 1 ಮೈಕ್ರೊಗ್ರಾಂ. 2007ರಲ್ಲಿ ತೈಹು ದಡದ ವೂಶಿ ನಗರದಲ್ಲೂ ಹೀಗೇ, ಕೊಳೆತ ಪಾಚಿಯಿಂದಾಗಿ ಸುಮಾರು 20 ಲಕ್ಷ ಜನರ ನಲ್ಲಿ ನೀರು ಕೆಟ್ಟಿತು.

ಪಾಚಿ ಬಂದಿದೆ ಅಂತ ತಡವಾಗಿ ಗೊತ್ತಾದರೆ ಮನುಷ್ಯ ಗಾಬರಿಯಲ್ಲಿ ಮೊದಲು ಮಾಡುವುದು ಒಳಬರುವ ನೀರಿಗೆ ಕ್ಲೋರಿನ್ ಸುರಿಯುವುದು. ಅದು ತಪ್ಪು. ಜೀವಕೋಶ ಒಡೆದು ಒಳಗಿದ್ದ ವಿಷವೆಲ್ಲ ನೀರಿಗೆ ಬಿಡುಗಡೆಯಾಗುತ್ತದೆ. ಇಡಿಯಾಗಿದ್ದಾಗಲೇ ತಿಳಿಗೊಳಿಸಿ, ಸೋಸಿ ತೆಗೆದರೆ ಬಹುಪಾಲು ವಿಷ ಪಾಚಿಯ ಜತೆಗೇ ಹೋಗುತ್ತದೆ. ಮೂರು ದಿನ ಮೊದಲು ಗೊತ್ತಾದರೆ ವಿಷ ಹೀರುವ ಪುಡಿ ಇಂಗಾಲ ತರಿಸಿಡಬಹುದು, ನೀರೆಳೆಯುವ ಆಳ ಬದಲಿಸಬಹುದು, ವಿಷದ ಪರೀಕ್ಷೆ ದಿನಕ್ಕೆರಡು ಸಲ ಮಾಡಬಹುದು. ಉಪಗ್ರಹದಿಂದ ನಾನು ಕೇಳುವುದು ಆ ಮೂರು ದಿನ.

---

ಕಲಿಯುವವ_21

ಸರ್, ಹಾಗಾದ್ರೆ ಉಪಗ್ರಹಕ್ಕೆ ವಿಷ ಕಾಣುತ್ತಾ? ಇನ್ನೊಂದು ಡೌಟು: ನೈಟ್ರೇಟ್, ರಂಜಕ, ಕರಗಿದ ಆಮ್ಲಜನಕ, ಪಿಎಚ್ ಎಲ್ಲ ಮಷೀನ್ ಲರ್ನಿಂಗ್‌ನಿಂದ ಉಪಗ್ರಹ ಚಿತ್ರದಲ್ಲೇ ಕಂಡುಹಿಡಿದಿದ್ದೀವಿ ಅನ್ನೋ ಪೇಪರ್‌ಗಳಿವೆ. ನನ್ನ ಗೈಡ್ ಅದನ್ನೇ ಮಾಡು ಅಂತಿದ್ದಾರೆ.

---

ಪಾಚಿಪಟ್ಟಿ

ತಮ್ಮಾ, ವಿಷ ಕಾಣುವುದಿಲ್ಲ. ಮೈಕ್ರೊಸಿಸ್ಟಿನ್‌ಗೆ ಉಪಗ್ರಹ ಗುರುತು ಹಿಡಿಯುವಂಥ ಬಣ್ಣವಿಲ್ಲ. ಒಂದೇ ಜಾತಿಯ ಪಾಚಿಯಲ್ಲೂ ವಿಷ ಮಾಡುವವು, ಮಾಡದವು ಇರುತ್ತವೆ, ಸೂಕ್ಷ್ಮದರ್ಶಕದಲ್ಲೂ ಬೇರ್ಪಡಿಸಲಾಗದು. ದಟ್ಟ ಹಸಿರಿನಲ್ಲಿ ವಿಷ ಕಡಿಮೆ ಇರಬಹುದು, ತೆಳು ಹಸಿರಿನಲ್ಲಿ ಹೆಚ್ಚಿರಬಹುದು.

ನೈಟ್ರೇಟ್, ರಂಜಕ, ಆಮ್ಲಜನಕ, ಪಿಎಚ್, ಭಾರಲೋಹ, ರೋಗಾಣು, ಇವಕ್ಕೂ ಈ ಪಟ್ಟಿಗಳಲ್ಲಿ ತಮ್ಮದೇ ಸಹಿ ಇಲ್ಲ. ನೀನು ಹೇಳುವ ಬಹಳಷ್ಟು ಲೆಕ್ಕಗಳಲ್ಲಿ ಆಗುವುದು ಹೀಗೆ: ಮಳೆಯ ನಂತರ ಹೂಳಿನ ಜತೆ ರಂಜಕವೂ ಬರುತ್ತದೆ, ಉಪಗ್ರಹ ಹೂಳು ನೋಡುತ್ತದೆ, ಯಂತ್ರ ಅದನ್ನು ರಂಜಕ ಎಂದು ಕಲಿಯುತ್ತದೆ. ಹೂಳಿಲ್ಲದೆ ಒಳಚರಂಡಿಯಿಂದ ಕರಗಿದ ರಂಜಕ ಬಂದ ದಿನ ಅದೇ ಯಂತ್ರ ಎಲ್ಲ ಚೆನ್ನಾಗಿದೆ ಅನ್ನುತ್ತದೆ. ಅಂದು ನಂಬಿದವರಿಗೆ ಅನ್ಯಾಯವಾಗುತ್ತದೆ. ಒಂದು ಸರೋವರದ ಮೂವತ್ತು ಬಾಟಲಿಯ ಮೇಲೆ ಚೆನ್ನಾಗಿ ಕೂತ ಲೆಕ್ಕವನ್ನು ಮುಂದಿನ ವರ್ಷದ ಬಾಟಲಿ ಮೇಲೆ, ಪಕ್ಕದ ಸರೋವರದ ಮೇಲೆ ಪರೀಕ್ಷಿಸಿ ನೋಡು, ಆಮೇಲೆ ನಿನ್ನ ಗೈಡ್ ಜತೆ ಧೈರ್ಯವಾಗಿ ಮಾತಾಡು.

ನೇರವಾಗಿ ಕಾಣುವವು ಇಷ್ಟು: ಕ್ಲೋರೊಫಿಲ್, ಬಗ್ಗಡ, ತಿಳಿತನ, ಕರಗಿದ ಕಂದು ಬಣ್ಣ, ನೀಲಿ-ಹಸಿರು ಪಾಚಿಯ ವರ್ಣದ್ರವ್ಯ ಫೈಕೊಸಯನಿನ್, ಮೇಲ್ಮೈ ಉಷ್ಣತೆ, ತೇಲುವ ಗಿಡ ಮತ್ತು ಕೆನೆ. ಕಡಿಮೆಯೇನಲ್ಲ.

---

ಬೆಳಕಿನ_ಲೆಕ್ಕ

ಫೈಕೊಸಯನಿನ್ ಪ್ರಸ್ತಾಪ ಬಂದದ್ದು ಒಳ್ಳೆಯದಾಯಿತು. ಅದು 620ರ ಹತ್ತಿರ ಬೆಳಕು ಹೀರುತ್ತದೆ. ಸೆಂಟಿನೆಲ್-2ರಲ್ಲಿ ಆ ಪಟ್ಟಿ ಇಲ್ಲ. ಹಾಗಾಗಿ ಅದಕ್ಕೆ ಪಾಚಿ ಎಷ್ಟೆಂದು ಕಂಡರೂ ಯಾವ ಗುಂಪಿನದೆಂದು ನೆಟ್ಟಗೆ ತಿಳಿಯದು. ಸೆಂಟಿನೆಲ್-3ರ ಓಎಲ್‌ಸಿಐ ಉಪಕರಣದಲ್ಲಿ 21 ಪಟ್ಟಿಗಳಿವೆ, 620 ಇದೆ, 665, 674, 681, 709 ಎಲ್ಲ ಇವೆ. ಎರಡು ಉಪಗ್ರಹ ಇರುವುದರಿಂದ ಹೆಚ್ಚುಕಡಿಮೆ ದಿನವೂ ಚಿತ್ರ ಸಿಗುತ್ತದೆ. ಆದರೆ ಪಿಕ್ಸೆಲ್ 300 ಮೀಟರ್. ದಡ ತಾಗದ ಮೂರು-ಮೂರು ಪಿಕ್ಸೆಲ್ ಬೇಕೆಂದರೆ ಒಂದು ಕಿಲೋಮೀಟರಿನಷ್ಟು ಅಗಲದ ನೀರು ಬೇಕು. ಶುದ್ಧೀಕರಣ ಘಟಕದವರು ಕೇಳಿದ ಮುನ್ಸೂಚನೆಗೆ ಇದೇ ಸರಿಯಾದ ಕಣ್ಣು. ಅಮೆರಿಕದ ಸಯಾನ್ ಯೋಜನೆ 2 ಸಾವಿರಕ್ಕೂ ಹೆಚ್ಚು ಸರೋವರಗಳನ್ನು ಇದರಿಂದಲೇ ನೋಡುತ್ತದೆ.

ಈ ಪರಂಪರೆಯಲ್ಲಿ ಒಂದು ಬಿರುಕೂ ಇದೆ. ಹಿಂದಿನ ಮೆರಿಸ್ ಉಪಕರಣ ಹೊತ್ತ ಎನ್ವಿಸ್ಯಾಟ್ 2012ರ ಏಪ್ರಿಲ್‌ನಲ್ಲಿ ಸಂಪರ್ಕ ಕಳೆದುಕೊಂಡಿತು, ಸೆಂಟಿನೆಲ್-3ಎ ಹಾರಿದ್ದು 2016ರ ಫೆಬ್ರವರಿಯಲ್ಲಿ. ನಡುವೆ ಸುಮಾರು ನಾಲ್ಕು ವರ್ಷ 620ರ ಪಟ್ಟಿಯಿಲ್ಲದ ಮೋಡಿಸ್‌ನಂಥ ಕಣ್ಣುಗಳಿಂದಲೇ ಕೆಲಸ ಸಾಗಿಸಬೇಕಾಯಿತು. ಟೊಲೆಡೊದ ಆ ಆಗಸ್ಟ್ ಬಂದದ್ದು ಈ ಅವಧಿಯಲ್ಲೇ.

---

ಹಳೆಯ_ನಕ್ಷೆ

ಎಲ್ಲರೂ ಇವತ್ತಿನ ಚಿತ್ರದ ಬಗ್ಗೆ ಮಾತಾಡುತ್ತಿದ್ದೀರಿ. ನನಗೆ ಉಪಗ್ರಹದ ಮೇಲೆ ಪ್ರೀತಿ ಇರುವುದು ಬೇರೆ ಕಾರಣಕ್ಕೆ. ದೋಣಿ ಎಷ್ಟೇ ಗಟ್ಟಿಯಾದರೂ 1985ಕ್ಕೆ ವಾಪಸ್ ಹೋಗಲಾರದು!

ಲ್ಯಾಂಡ್‌ಸ್ಯಾಟ್ ಉಪಗ್ರಹ ಸರಣಿ 1972ರಲ್ಲಿ ಶುರುವಾಯಿತು, 30 ಮೀಟರ್ ಚಿತ್ರಗಳು 80ರ ದಶಕದಿಂದ ಇವೆ. 2008ರಲ್ಲಿ ಆ ಭಂಡಾರವನ್ನೆಲ್ಲ ಉಚಿತ ಮಾಡಿದ ಮೇಲೆ ಈ ಕ್ಷೇತ್ರದ ಚಹರೆಯೇ ಬದಲಾಯಿತು. ಮಿನೆಸೋಟಾದಲ್ಲಿ 10 ಸಾವಿರಕ್ಕೂ ಹೆಚ್ಚು ಸರೋವರಗಳ ತಿಳಿತನದ ಚರಿತ್ರೆಯನ್ನು ಇದರಿಂದಲೇ ಬರೆದಿದ್ದಾರೆ. 2019ರಲ್ಲಿ ಪ್ರಕಟವಾದ ಒಂದು ಅಧ್ಯಯನ ಜಗತ್ತಿನ 71 ದೊಡ್ಡ ಸರೋವರಗಳನ್ನು ಮೂರು ದಶಕದ ಲ್ಯಾಂಡ್‌ಸ್ಯಾಟ್-5 ಚಿತ್ರಗಳಲ್ಲಿ ನೋಡಿತು. ಶೇ. 68ರಷ್ಟರಲ್ಲಿ ಬೇಸಿಗೆಯ ಪಾಚಿಯ ಗರಿಷ್ಠ ತೀವ್ರತೆ ಏರಿತ್ತು. ಉಷ್ಣತೆಯ ಕಥೆಯೂ ಹೀಗೇ: 1985ರಿಂದ 2009ರವರೆಗೆ ಜಗತ್ತಿನ 235 ಸರೋವರಗಳನ್ನು ಉಪಗ್ರಹ ಮತ್ತು ನೇರ ಅಳತೆ ಎರಡರಿಂದಲೂ ನೋಡಿದಾಗ, ಬೇಸಿಗೆಯ ಮೇಲ್ಮೈ ನೀರು ಪ್ರತಿ ದಶಕಕ್ಕೆ ಸರಾಸರಿ 0.34 ಡಿಗ್ರಿ ಸೆಲ್ಸಿಯಸ್ ಬಿಸಿಯಾಗಿತ್ತು.

ಇನ್ನೊಂದು ಎಚ್ಚರ. ತಿಳಿನೀರು ಕಂಡ ತಕ್ಷಣ ಸರೋವರ ಆರೋಗ್ಯವಾಗಿದೆ ಎಂದುಕೊಳ್ಳಬೇಡಿ. ಮಿಷಿಗನ್ ಸರೋವರ ಉಪಗ್ರಹ ಚಿತ್ರಗಳಲ್ಲಿ ವರ್ಷದಿಂದ ವರ್ಷಕ್ಕೆ ನೀಲಿಯಾಗುತ್ತ ಬಂತು. ಹೊರಗಿಂದ ಬಂದು ನೆಲೆಸಿದ ಕ್ವಾಗ್ಗಾ ಚಿಪ್ಪುಜೀವಿಗಳು ಪಾಚಿಯನ್ನೆಲ್ಲ ಸೋಸಿ ತಿಂದದ್ದು ಅದಕ್ಕೆ ದೊಡ್ಡ ಕಾರಣ. ಮೀನುಗಳ ಆಹಾರ ಸರಪಳಿಯ ಮೊದಲ ಕೊಂಡಿಯೇ ಸವೆಯಿತು. ಅಲ್ಲೇ, ಒಂಟಾರಿಯೊ ಸರೋವರದಲ್ಲೂ, ಬೇಸಿಗೆಯ ಕೊನೆಗೆ ನೀರಿನಲ್ಲಿ ಸುಣ್ಣದ ಸೂಕ್ಷ್ಮ ಹರಳು ಕಟ್ಟಿ ನೀರು ಹಾಲು ಬೆರೆಸಿದ ನೀಲಿಯಾಗುವುದುಂಟು. ಬಗ್ಗಡದ ಸೂತ್ರ ಅದನ್ನು ಹೂಳು ಎಂದು ಎಣಿಸಿಬಿಡುತ್ತದೆ.

---

ಬೆಳಕಿನ_ಲೆಕ್ಕ

ಪೂರ್ತಿ ಒಪ್ಪುತ್ತೇನೆ. ಒಂದೇ ಮಾತು ಸೇರಿಸುತ್ತೇನೆ: ಲ್ಯಾಂಡ್‌ಸ್ಯಾಟ್-5 ಬೆಳಕನ್ನು 256 ಮೆಟ್ಟಿಲಲ್ಲಿ ಅಳೆಯುತ್ತಿತ್ತು, ಲ್ಯಾಂಡ್‌ಸ್ಯಾಟ್-8 ಅಳೆಯುವುದು 4,096 ಮೆಟ್ಟಿಲಲ್ಲಿ. ಕಪ್ಪು ನೀರು ಹಳೆಯ ಚಿತ್ರದಲ್ಲಿ ಬೆರಳೆಣಿಕೆಯ ಮೆಟ್ಟಿಲುಗಳಲ್ಲೇ ಮುಗಿದುಹೋಗುತ್ತದೆ. 705 ಪಟ್ಟಿಯೂ ಲ್ಯಾಂಡ್‌ಸ್ಯಾಟ್-5ರಿಂದ 9ರವರೆಗೆ ಯಾವುದರಲ್ಲೂ ಇಲ್ಲ. ತಿಳಿತನಕ್ಕೂ ಕೆನೆಗೂ ನಂಬಿ, ಲೀಟರಿಗಿಷ್ಟು ಕ್ಲೋರೊಫಿಲ್ ಎಂಬುದಕ್ಕೆ ಎಚ್ಚರದಿಂದಿರಿ.

ದೋಣಿಗಾರರೇ, ಈಗ ನಿಮ್ಮ ಮುಂದಿನ ಹೆಜ್ಜೆ. ಉಪಗ್ರಹ ಹಾದುಹೋಗುವ ದಿನವೇ ನೀರಿಗಿಳಿಯಿರಿ. ಸೆಂಟಿನೆಲ್-2 ಬೆಳಿಗ್ಗೆ ಸುಮಾರು ಹತ್ತೂವರೆಗೆ ಹಾದುಹೋಗುತ್ತದೆ, ಅದರ ಹಿಂದುಮುಂದಿನ ಮೂರು ಗಂಟೆಯೊಳಗೆ ಎಲ್ಲ ಬಾಟಲಿ ಮುಗಿಯಬೇಕು. ಗಾಳಿ ಏಳುವ ಲಕ್ಷಣವಿದ್ದರೆ ಒಂದು ಗಂಟೆಯೊಳಗೆ. ಹಳೆಯ ಐದು ಜಾಗಗಳಿಗೆ ಮಾತ್ರ ಅಂಟಿಕೊಳ್ಳಬೇಡಿ. ಹಿಂದಿನ ನಕ್ಷೆ ನೋಡಿ ತೀರಾ ತಿಳಿ, ನಡುವಿನದು, ತೀರಾ ಹಸಿರು, ಮೂರೂ ಬರುವ ಹಾಗೆ ಜಾಗ ಆರಿಸಿ. ಪ್ರತಿ ಜಾಗದಲ್ಲಿ ಬಾಟಲಿ ಮುಳುಗಿಸಿದ ಕ್ಷಣದ ಜಿಪಿಎಸ್ ಬರೆದುಕೊಳ್ಳಿ, ದೋಣಿ ತೇಲುತ್ತಿರುತ್ತದೆ. ಹೋಲಿಸುವಾಗ ಒಂದೇ ಪಿಕ್ಸೆಲ್ ಬೇಡ, ಸುತ್ತಲಿನ ಒಂಬತ್ತರ ಮಧ್ಯಾಂಕ ತೆಗೆದುಕೊಳ್ಳಿ. ಒಂಬತ್ತರ ನಡುವೆ ಹೊಯ್ದಾಟ ಜಾಸ್ತಿ ಇದ್ದರೆ ಆ ಜಾಗ ಬಿಟ್ಟುಬಿಡಿ.

---

ಪಾಚಿಪಟ್ಟಿ

ಬಾಟಲಿಯ ಕಡೆಯಿಂದಲೂ ಎರಡು ಮಾತು. ಮೇಲ್ಮೈಯ ಒಂದು, ಅರ್ಧ ಮೀಟರಿನ ಒಂದು, ಎರಡೂ ತೆಗೆಯಿರಿ. ತುಂಬಿಸಿದ ಕೂಡಲೇ ಕತ್ತಲೆಯಲ್ಲಿ, ಮಂಜುಗಡ್ಡೆಯ ಪೆಟ್ಟಿಗೆಯಲ್ಲಿ ಇಡಿ. ಬಿಸಿಲಿನಲ್ಲಿ ದೋಣಿಯ ಹಲಗೆ ಮೇಲೆ ಬಿಟ್ಟ ಬಾಟಲಿಯಲ್ಲಿ ಕ್ಲೋರೊಫಿಲ್ ಕೆಡುತ್ತ ಹೋಗುತ್ತದೆ, ಆಮೇಲೆ ಉಪಗ್ರಹ ಹೆಚ್ಚು ತೋರಿಸಿತು ಅಂತ ಅದರ ಮೇಲೆ ತಪ್ಪು ಹೊರಿಸುತ್ತೇವೆ. ಸಾಧ್ಯವಾದರೆ ಅಂದೇ ಗಾಜಿನ ನಾರಿನ ಶೋಧಕದಲ್ಲಿ ಸೋಸಿ, ಶೋಧಕವನ್ನು ಮಡಚಿ ಶೀತಲೀಕರಿಸಿ.

ಸೆಕ್ಕಿ ತಟ್ಟೆಯನ್ನು ಹಳತೆಂದು ಬಿಡಬೇಡಿ. 1865ರಲ್ಲಿ ಆಂಜೆಲೊ ಸೆಕ್ಕಿ ಮೆಡಿಟರೇನಿಯನ್‌ನಲ್ಲಿ ಇಳಿಸಿದ ತಟ್ಟೆಯೂ ಇಂದಿನ ಉಪಗ್ರಹವೂ ನೀರಿನೊಳಗಿಂದ ಮರಳಿ ಬರುವ ಬೆಳಕನ್ನೇ ನೋಡುತ್ತವೆ. ಬಾಟಲಿಗಿಂತ ಅದರ ಅಳತೆ ಎಷ್ಟೋ ಸಲ ಚಿತ್ರದೊಂದಿಗೆ ಚೆನ್ನಾಗಿ ತಾಳೆಯಾಗುತ್ತದೆ. ದೋಣಿಯ ನೆರಳಿನ ಬದಿಯಲ್ಲಿ ಇಳಿಸಿ, ಪ್ರತಿ ಸಲ ಒಬ್ಬರೇ ನೋಡಲಿ.

---

ದೋಣಿಗಾರ

ಎಲ್ಲರಿಗೂ ನಮಸ್ಕಾರ, ಐದು ವಾರದ ನಂತರ ಬರುತ್ತಿದ್ದೇನೆ. ಉಪಗ್ರಹ ಹಾದುಹೋದ ಎರಡು ಸಲ ಮೋಡ ಅಡ್ಡ ಬಂತು. ಒಂದು ದಿನವಂತೂ ಹನ್ನೊಂದರವರೆಗೆ ನಡುನೀರಲ್ಲಿ ಕಾದು ಬರಿಗೈಯಲ್ಲಿ ಮರಳಿದೆವು. ಮೂರನೆಯ ಸಲ ಚಿತ್ರ ಸಿಕ್ಕಿತು.

ಅಂದು ಬೆಳಿಗ್ಗೆ ಗಾಳಿ ಇರಲಿಲ್ಲ. ಪಡುವಣ ಮೂಲೆಗೆ ಹೋಗುವಾಗ ಮೊದಲು ನೀರಿನಲ್ಲಿ ಹಸಿರು ಚುಕ್ಕೆಗಳು, ರಂಗೋಲಿ ಪುಡಿ ಉದುರಿಸಿದ ಹಾಗೆ. ಇನ್ನೂರು ಮೀಟರ್ ಮುಂದೆ ಆ ಚುಕ್ಕೆಗಳು ಗೆರೆಗಳಾದವು. ಆಮೇಲೆ ದೋಣಿಯ ಮೂತಿ ಒಂದು ಚಾಪೆಯೊಳಗೆ ನುಗ್ಗಿತು, ಹುಟ್ಟು ಎತ್ತಿದರೆ ಅದರಿಂದ ಬಣ್ಣ ತೊಟ್ಟಿಕ್ಕುತ್ತಿತ್ತು, ಹಿಂದೆ ನಾವು ಸೀಳಿಬಂದ ಕಪ್ಪು ದಾರಿ ನಿಮಿಷದೊಳಗೆ ಮುಚ್ಚಿಕೊಂಡಿತು. ಮೂರು ವರ್ಷದಿಂದ ಈ ಮೂಲೆಗೆ ಬರುತ್ತಿದ್ದೇನೆ, ಹೀಗೆ ನೋಡಿರಲಿಲ್ಲ. ನಮ್ಮ ನಿಗದಿತ ಜಾಗ ಅಲ್ಲಿಂದ ಮುನ್ನೂರು ಮೀಟರ್ ಪಕ್ಕಕ್ಕಿದೆ, ಅದಕ್ಕೇ ಇರಬೇಕು.

ಚಾಪೆಯಿದ್ದ ಕಡೆ ಮೇಲ್ಮೈ ಬಾಟಲಿ 212 ಬಂತು, ಅರ್ಧ ಮೀಟರಿನದು 39. ಭರಣಿಯಲ್ಲಿ ಬೆಳಿಗ್ಗೆ ಹಸಿರು ಉಂಗುರ ಮೇಲೆಯೇ ನಿಂತಿತ್ತು. ನಟ್ಟನಡುವೆ ಹೊಸ ತಿದ್ದುಪಡಿಯ ನಕ್ಷೆ 24, ಬಾಟಲಿ 29. ಬಡಗಣ ಪಟ್ಟಿ ಮುಖವಾಡದೊಳಗೆ ಹೋಯಿತು. ಒಟ್ಟು 11 ಜಾಗದಲ್ಲಿ 8 ಒಳ್ಳೆಯ ತಾಳೆ ಕೊಟ್ಟವು. ತಂಡದಲ್ಲಿ ಈಗ ದೋಣಿ ನಿಲ್ಲಿಸುವ ಮಾತಿಲ್ಲ. ಹಳೆಯ ಐದರಲ್ಲಿ ಎರಡನ್ನು ಹಳೆಯ ಲೆಕ್ಕದ ಸರಣಿ ತಪ್ಪದಿರಲೆಂದು ಉಳಿಸಿಕೊಂಡು, ಮೂರನ್ನು ಪ್ರತಿ ಸಲ ನಕ್ಷೆ ನೋಡಿ ಬದಲಾಯಿಸುವುದೆಂದು ತೀರ್ಮಾನವಾಯಿತು.

ಒಂದು ವಿಷಯ ಮಾತ್ರ ಅರ್ಥವಾಗಲಿಲ್ಲ. ನಾವು ಕಣ್ಣಾರೆ ಕಂಡ ಆ ದಟ್ಟ ಚಾಪೆ ಇದ್ದ ಜಾಗದಲ್ಲಿ ಅಕೊಲೈಟ್ ನಕ್ಷೆ ಬರೀ ಬಿಳಿ. ಸೊನ್ನೆಯೂ ಇಲ್ಲ, ಸಂಖ್ಯೆಯೇ ಇಲ್ಲ.

---

ಬೆಳಕಿನ_ಲೆಕ್ಕ

ಹುಟ್ಟಿನಿಂದ ಬಣ್ಣ ತೊಟ್ಟಿಕ್ಕಿದ ಜಾಗವೇ ಖಾಲಿ! ಇದನ್ನು ಗಮನಿಸಿದ್ದು ಬಹಳ ಮುಖ್ಯ. ದಪ್ಪ ಕೆನೆ ನೀರಿನ ಮೇಲೆ ತೇಲುವಾಗ ಅವರಕ್ತದಲ್ಲಿ, ಅಂದರೆ ಕಣ್ಣಿಗೆ ಕಾಣದ ಕೆಂಪಿನಾಚೆಯ ಬೆಳಕಿನಲ್ಲಿ, ನೆಲದ ಹುಲ್ಲಿನ ಹಾಗೆ ಹೊಳೆಯುತ್ತದೆ. ತಂತ್ರಾಂಶ 1,600 ನ್ಯಾನೊಮೀಟರ್ ಸುತ್ತಿನ ಹೊಳಪು ಒಂದು ಮಿತಿ ದಾಟಿದರೆ ಇದು ನೀರಲ್ಲ ಎಂದು ಕತ್ತರಿಸಿ ಹಾಕುತ್ತದೆ. ಸರೋವರದ ಅತ್ಯಂತ ಕೆಟ್ಟ ಜಾಗ ನಕ್ಷೆಯಿಂದಲೇ ಮಾಯ. ಸರಾಸರಿ ತೆಗೆದರೆ ಆ ದಿನ ಸರೋವರ ಸುಧಾರಿಸಿದಂತೆ ಕಾಣುತ್ತದೆ.

ತಿದ್ದುಪಡಿಗೆ ಮುಂಚಿನ ಚಿತ್ರದಲ್ಲಿ ತೇಲುವ ಪಾಚಿಯ ಸೂಚ್ಯಂಕ, ಎಫ್‌ಎಐ ಅನ್ನುತ್ತಾರೆ, ಬೇರೆಯಾಗಿ ಲೆಕ್ಕಹಾಕಿ. ಕೆಂಪು ಮತ್ತು ಕಿರು ಅವರಕ್ತದ ನಡುವೆ ಗೆರೆ ಎಳೆದು ಸಮೀಪ ಅವರಕ್ತ ಎಷ್ಟು ಮೇಲೆ ನಿಂತಿದೆ ಎಂದು ನೋಡುವುದು ಅಷ್ಟೆ. ಗೆರೆ ದಾಟಿದ ಪಿಕ್ಸೆಲ್‌ಗಳಿಗೆ ಸಂಖ್ಯೆ ಕೊಡಬೇಡಿ, "ಕೆನೆ" ಎಂದು ಬೇರೆ ಬಣ್ಣ ಹಚ್ಚಿ. ಅಂತರಗಂಗೆಯಂಥ ತೇಲುಗಿಡವೂ ಇದರಲ್ಲೇ ಸೇರಿಕೊಳ್ಳುತ್ತದೆ, ಬೇರ್ಪಡಿಸಲು ನಿಮ್ಮ ಕಣ್ಣೇ ಬೇಕು. ವಾರಗಟ್ಟಲೆ ಒಂದೇ ಕಡೆ ನಿಂತರೆ ಗಿಡ ಇರಬಹುದು, ದಿನದಿಂದ ದಿನಕ್ಕೆ ಆಕಾರ ಬದಲಿಸಿದರೆ ಕೆನೆಯೇ ಹೆಚ್ಚು.

---

ಶುದ್ಧೀಕರಣ_ಘಟಕ

ದೋಣಿಗಾರರೇ, ಒಂದು ಕೇಳಿಕೆ. ಆ ನಕ್ಷೆ ಯಾರಿಗೇ ಕಳಿಸುವ ಮುಂಚೆ ದಯವಿಟ್ಟು ಆ ಬಿಳಿ ಜಾಗ ತುಂಬಿಸಿ. ನನ್ನಂಥವನು ರಾತ್ರಿ ಪಾಳಿಯಲ್ಲಿ ಫೋನಿನ ಪರದೆಯಲ್ಲಿ ಅದನ್ನು ನೋಡಿದರೆ ಬಿಳಿ ಅಂದರೆ ತಿಳಿನೀರು ಅಂತಲೇ ಓದುತ್ತಾನೆ.

ಉಪಗ್ರಹ ಮುಂದೆ ಹಾದುಹೋಗುವುದು ಯಾವ ದಿನ? ನಿಮ್ಮ ಮೇಲ್ಮೈ ಬಾಟಲಿಯಲ್ಲಿ ವಿಷದ ಪರೀಕ್ಷೆಯನ್ನೂ ಮಾಡಿಸಿ. ಹೇಗೆ ಸಂಗ್ರಹಿಸಬೇಕೆಂದು ಇಂದು ರಾತ್ರಿಯೇ ಇಲ್ಲಿ ಬರೆಯುತ್ತೇನೆ.

---

ದೋಣಿಗಾರ

ಗುರುವಾರ ಬೆಳಿಗ್ಗೆ. ಸೆಂಟಿನೆಲ್-3 ಕೂಡ ಅದೇ ದಿನ ಇದೆ. ಬರೆಯಿರಿ ಸರ್, ಬಾಟಲಿಗಳನ್ನು ಇವತ್ತೇ ತೊಳೆದಿಡುತ್ತೇವೆ.